ಕಾಡಿನ ಕಾಗದ ಎಲ್ಲಿ ಸಿಗುತ್ತೆ? ಗೆಳೆಯನಿಗೊಂದು ಪತ್ರ

ಮೈಸೂರು

ಪ್ರೀತಿಯ ಗೆಳೆಯಾ,

ನಾಗರಹೊಳೆಯ ಹಳೆಯ ದಾಖಲೆ ನೋಡಬೇಕು, ಮೈಸೂರಲ್ಲಿ ಯಾವ ಆಫೀಸಿಗೆ ಹೋಗಲಿ ಅಂತ ನೀನು ಕೇಳಿದ್ದೆ. ಒಂದೇ ಆಫೀಸಾಗಿದ್ದರೆ ಫೋನಲ್ಲೇ ಹೇಳಿಬಿಡುತ್ತಿದ್ದೆ. ಕಾಡು ಒಂದೇ ಆದರೂ ಅದರ ಕಾಗದಗಳು ಚದುರಿ ಹೋಗಿವೆ ಕಣೋ.

1955ರಲ್ಲಿ ನಾಗರಹೊಳೆ ಅಭಯಾರಣ್ಯವಾದಾಗ ಅದು ಕೊಡಗಿನದು. ಕೊಡಗು ಆಗಿನ್ನೂ ಬೇರೆ ರಾಜ್ಯ, ಮೈಸೂರಿಗೆ ಸೇರಿದ್ದು 1956ರಲ್ಲಿ. ಹುಣಸೂರು, ಹೆಗ್ಗಡದೇವನಕೋಟೆ ಕಡೆಯ ಕಾಡು ಇದರೊಳಗೆ ಬಂದದ್ದು ಎಪ್ಪತ್ತರ ದಶಕದಲ್ಲಿ. ಹಾಗಾಗಿ ಒಂದೇ ಉದ್ಯಾನಕ್ಕೆ ಎರಡು ಸರ್ಕಾರಗಳ ಕಡತ. ಪಕ್ಕದ ಬಂಡೀಪುರದ್ದು ಇನ್ನೊಂದು ಥರ. 1931ರಲ್ಲಿ ಮಹಾರಾಜರು ಸುಮಾರು 90 ಚದರ ಕಿಲೋಮೀಟರ್ ಕಾಡನ್ನು ಕಾಯ್ದಿಟ್ಟರು. 1941ರಲ್ಲಿ ಅದೇ 800 ಚದರ ಕಿಲೋಮೀಟರಿಗೂ ಜಾಸ್ತಿಯಾಗಿ ವೇಣುಗೋಪಾಲ ವನ್ಯಜೀವಿ ಉದ್ಯಾನವಾಯಿತು. ಹೆಸರು ಹಿಮವದ್ ಗೋಪಾಲಸ್ವಾಮಿ ಬೆಟ್ಟದ ದೇವರದ್ದು. ಬಂಡೀಪುರ ಇರುವ ಗುಂಡ್ಲುಪೇಟೆ ತಾಲ್ಲೂಕು ಈಗ ಚಾಮರಾಜನಗರ ಜಿಲ್ಲೆ ಇರಬಹುದು, ಆದರೆ ಆ ಜಿಲ್ಲೆ ಹುಟ್ಟಿದ್ದೇ 1997ರಲ್ಲಿ. ಅದಕ್ಕೂ ಹಿಂದಿನದನ್ನು ಮೈಸೂರು ಜಿಲ್ಲೆಯ ಹೆಸರಲ್ಲೇ ಹುಡುಕಬೇಕು.

ಇನ್ನೊಂದು ಮಾತು. ಕೌಂಟರಿನಲ್ಲಿ ಹೋಗಿ ‘ನ್ಯಾಷನಲ್ ಪಾರ್ಕ್ ಫೈಲ್ ಕೊಡಿ’ ಅಂದರೆ ಅವರೂ ತಲೆ ಕೆರೆದುಕೊಳ್ಳುತ್ತಾರೆ, ನೀನೂ ಕೆರೆದುಕೊಳ್ಳುತ್ತೀಯ. ಮೈಸೂರಿನ ಅರಣ್ಯ ಇಲಾಖೆ ಶುರುವಾದದ್ದು 1864ರಲ್ಲಿ. ನೂರು ವರ್ಷ ಅದರ ಲೆಕ್ಕವೆಲ್ಲ ತೇಗ, ಬಿದಿರು, ಕಾಡಾನೆ ಹಿಡಿಯುವ ಖೆಡ್ಡಾ, ಷಿಕಾರಿ ಲೈಸೆನ್ಸು, ಹುಲಿ ಚಿರತೆ ಕೊಂದವರಿಗೆ ಇನಾಮು. ಆ ಹೆಸರುಗಳಲ್ಲಿ ಕೇಳು. ಹುಲಿ ಉಳಿಸಿದ ಕಥೆಗಿಂತ ಹುಲಿ ಹೊಡೆದ ಲೆಕ್ಕವೇ ಮೊದಲು ಸಿಗುತ್ತದೆ. ಬೇಜಾರಾದರೂ ಇದೇ ನಿಜ.

ಖೆಡ್ಡಾ ಕಾಗದ ನೋಡುವಾಗ ಮಾತ್ರ ಪುರುಸೊತ್ತು ಮಾಡಿಕೊಂಡು ಬಾ. ಸ್ಯಾಂಡರ್ಸನ್ ಅನ್ನುವ ಬ್ರಿಟಿಷ್ ಅಧಿಕಾರಿ 1870ರ ದಶಕದಲ್ಲಿ ಚಾಮರಾಜನಗರದ ಕಡೆ ಶುರು ಮಾಡಿದ್ದು, ಆಮೇಲೆ ಕಬಿನಿ ದಂಡೆಯ ಕಾಕನಕೋಟೆಗೆ ಬಂದು ದೇಶವಿದೇಶಕ್ಕೆ ಹೆಸರಾಯಿತು. ವೈಸರಾಯ್‌ಗಳು ಬಂದರು, 1906ರಲ್ಲಿ ವೇಲ್ಸ್ ರಾಜಕುಮಾರ ಬಂದ. ಕೊನೇ ಖೆಡ್ಡಾ 1971ರದು. ದಸರಾ ಅಂಬಾರಿ ಹೊತ್ತ ದ್ರೋಣ ಸಿಕ್ಕಿದ್ದು ಅದರಲ್ಲೇ. ಮರುವರ್ಷ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. ಆಮೇಲೆ ಕಬಿನಿ ಅಣೆಕಟ್ಟಿನ ನೀರು ಬಂತು.

ವರದಿಗಳಲ್ಲಿ ಅತಿಥಿಗಳ ಪಟ್ಟಿ, ಔತಣ, ಡೇರೆ ಎಲ್ಲ ಉದ್ದುದ್ದ ಇರುತ್ತದೆ. ಅದನ್ನು ಬೇಗ ತಿರುವಿಹಾಕು. ನನ್ನನ್ನು ಕೂರಿಸಿದ್ದು ಬಟವಾಡೆ ಪಟ್ಟಿ. ಅಂಚು ಹುಳ ತಿಂದ ಹಾಳೆ, ಮುಟ್ಟಿದರೆ ಪುಡಿ ಉದುರುತ್ತದೆ. ಎಡಗಡೆ ಗುಮಾಸ್ತ ಬರೆದ ಹೆಸರುಗಳು, ಮಾರ, ಕಾಳ, ಬೊಮ್ಮ, ಒಂದೇ ಹೆಸರು ಮೂರು ಸಲ. ಪಕ್ಕದಲ್ಲಿ ಆಣೆ, ಪೈ. ಬಲಗಡೆ ಸಾಲಾಗಿ ಹೆಬ್ಬೆಟ್ಟು. ನೇರಳೆ ಶಾಯಿ ಕೆಲವು ಕಡೆ ಹರಡಿ ಬರೀ ಕಲೆಯಾಗಿದೆ. ಇನ್ನು ಕೆಲವು ಕಡೆ ಗೆರೆ ಗೆರೆ ಎಣಿಸಬಹುದು. ಆನೆಯ ಜಾಡು ಹಿಡಿದವರು, ಕಂದಕ ತೋಡಿದವರು, ಮಾವುತ ಕಾವಾಡಿಗಳಾಗಿ ಪಳಗಿಸಿದವರಲ್ಲಿ ಈ ಕಾಡಿನ ಬುಡಕಟ್ಟಿನವರಾದ ಜೇನುಕುರುಬರು ಬಹಳ ಜನ. ಅತಿಥಿಗಳ ಪುಟದಲ್ಲಿ ಅವರನ್ನು ಹುಡುಕಬೇಡ, ಕೂಲಿ ಕೊಟ್ಟ ಪುಟದಲ್ಲಿ ಹುಡುಕು.

ಇದು ಬರೀ ಪಿಎಚ್‌ಡಿ ವಿಷಯವೂ ಅಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಹಾಡಿಯವರು, ಅಂದರೆ ಕಾಡಿನ ಬುಡಕಟ್ಟು ಕೇರಿಗಳ ಜನ, 2005ರ ಡಿಸೆಂಬರ್ 13ಕ್ಕೆ ಮೊದಲಿನಿಂದ ಕಾಡಲ್ಲಿದ್ದೆವು ಅಂತ ತೋರಿಸಬೇಕು. ಅದರ ನಿಯಮ 13ರಲ್ಲಿ ಯಾವುದೆಲ್ಲ ಸಾಕ್ಷಿ ಅಂತ ಇದೆ: ಗೆಜೆಟಿಯರ್, ಜನಗಣತಿ, ಸರ್ವೆ ವರದಿ, ನಕ್ಷೆ, ಇಲಾಖೆಯ ವರ್ಕಿಂಗ್ ಪ್ಲಾನ್. ಹಿರಿಯರ ಹೇಳಿಕೆ, ಬಾವಿ, ಸ್ಮಶಾನವೂ ನಡೆಯುತ್ತದೆ. ಆದರೂ ಕಚೇರಿಗಳಲ್ಲಿ ಕಾಗದಕ್ಕಿರುವ ತೂಕ ಅಜ್ಜಿಯ ಮಾತಿಗೆ ಎಲ್ಲಿರುತ್ತೆ ಹೇಳು? ಹಾಗಾಗಿ ಹಾಡಿಯ ಹೆಸರು ಕಂಡಲ್ಲೆಲ್ಲ ಫೈಲ್ ನಂಬರು, ಪುಟ ಎರಡೂ ಬರೆದುಕೋ. ನಿನ್ನ ಪ್ರಬಂಧಕ್ಕೆ ಬೇಡದಿದ್ದರೂ ಬೇಕಾದವರಿದ್ದಾರೆ.

ಇನ್ನು ಪ್ರಾಕ್ಟಿಕಲ್ ವಿಚಾರ. ಗೈಡ್ ಹತ್ತಿರ ಲೆಟರ್‌ಹೆಡ್‌ನಲ್ಲಿ ಪತ್ರ ಬರೆಸಿ ತಾ, ಆಧಾರ್ ಜೆರಾಕ್ಸ್ ಇರಲಿ. ಪೆನ್ ಬೇಡ, ಪೆನ್ಸಿಲ್ ತಾ. ಫೋಟೋಗೆ ಬೇರೆ ಅನುಮತಿ ಕೇಳು, ಸುಮ್ನೆ ಮೊಬೈಲ್ ತೆಗೆಯಬೇಡ. ಎರಡನೇ, ನಾಲ್ಕನೇ ಶನಿವಾರ ಸರ್ಕಾರಿ ರಜೆ. ದಸರಾ ಹತ್ತಿರ ಬಂದಾಗಲಂತೂ ಬರಲೇಬೇಡ. ವೀರನಹೊಸಹಳ್ಳಿಯಿಂದ ದಸರಾ ಆನೆಗಳ ಗಜಪಯಣ ಹೊರಟಿತು ಅಂದರೆ ಅರಣ್ಯ ಇಲಾಖೆಯವರಿಗೆ ನಿನ್ನ ಮುಖ ನೋಡೋಕೂ ಟೈಮಿರಲ್ಲ.

ಮೈಸೂರು ಸಂಸ್ಥಾನದ ಲೆಕ್ಕದ ವರ್ಷ ಜುಲೈನಿಂದ ಜೂನ್‌ವರೆಗೆ. 1931-32 ಅಂತ ಇದ್ದರೆ ಏಪ್ರಿಲ್ ಲೆಕ್ಕ ಹಾಕಬೇಡ. ರೈತರ ಅರ್ಜಿಗಳಲ್ಲಿ ಸಂವತ್ಸರದ ಹೆಸರೇ ಇರಬಹುದು. ಪ್ರಜೋತ್ಪತ್ತಿ ಅಂದರೆ ಅದೇ 1931ರ ಯುಗಾದಿಯಿಂದ ಮುಂದೆ. ಅರವತ್ತು ಸಂವತ್ಸರದ ಪಟ್ಟಿ ಒಂದು ಜೇಬಲ್ಲಿರಲಿ, ನಮ್ಮಜ್ಜನ ಥರ ಬಾಯಿಪಾಠ ಇದ್ದರೆ ಬಿಡು.

ನಿನ್ನ ಹತ್ತಿರ ಕಬಿನಿ ಕಡೆಯ ಹಳೆಯ ಟೋಪೋ ಶೀಟ್ ಇದೆ ಅಂದಿದ್ದೆ ಅಲ್ವಾ? ಅಣೆಕಟ್ಟು ತುಂಬುವ ಮೊದಲಿನದಾದರೆ ದಯವಿಟ್ಟು ತಾ. ಆ ಬಟವಾಡೆ ಪಟ್ಟಿಯಲ್ಲಿ ಬರುವ ಒಂದೆರಡು ಹಾಡಿಗಳು ಈಗಿನ ಮ್ಯಾಪಿನಲ್ಲಿ ಎಲ್ಲೂ ಇಲ್ಲ. ನೀರಿನಡಿ ಹೋದವೋ, ಬೇರೆ ಹೆಸರಲ್ಲಿ ಇವೆಯೋ, ಇಬ್ಬರೂ ಕೂತು ನೋಡೋಣ. ಮನೆಯಲ್ಲೇ ಉಳಿದುಕೋ, ಲಾಡ್ಜ್ ಗೀಡ್ಜ್ ಅಂತ ಹೋಗಬೇಡ.

ಇಂತಿ ನಿನ್ನ ಗೆಳೆಯ