ಕ್ರಿಯಾಪದ ಸಿಗುವ ಹೊತ್ತಿಗೆ

ಪ್ರೀತಿಯ ಗೆಳೆಯಾ,

ಬಂದು ಎರಡು ತಿಂಗಳಾದರೂ ನಾಲ್ಕು ಸಾಲು ಬರೆಯಲಿಲ್ಲ ಅಂತ ಬೈಯಬೇಡ. ಇಲ್ಲಿ ಸಂಜೆ ನಾಲ್ಕಕ್ಕೇ ಕತ್ತಲು. ಕತ್ತಲಾದ ಮೇಲೆ ಓದುವುದು ಬಿಟ್ಟರೆ ಬೇರೆ ಕೆಲಸವಿಲ್ಲ, ಆದರೂ ಓದು ಮುಗಿಯುವುದಿಲ್ಲ.

ಪತ್ರಿಕೆಯ ಡೆಸ್ಕ್‌ನಲ್ಲಿ ರಾತ್ರಿ ಪಾಳಿಯಲ್ಲಿ ಸುದ್ದಿಸಂಸ್ಥೆ ಪಿಟಿಐನ ಇಂಗ್ಲಿಷ್ ಕಾಪಿ ಬಂದರೆ ಹತ್ತು ನಿಮಿಷದಲ್ಲಿ ಕನ್ನಡ ಮಾಡಿ ಪುಟಕ್ಕೆ ಕೊಡುತ್ತಿದ್ದೆವಲ್ಲ, ಆ ಧೈರ್ಯದ ಮೇಲೇ ನಾನು ಇಂಗ್ಲೆಂಡಿಗೆ ಮೀಡಿಯಾ ಓದಲು ಹೊರಟಿದ್ದು. ನನಗೆ ಇಂಗ್ಲಿಷ್ ಬರುತ್ತದೆ ಅಂದುಕೊಂಡಿದ್ದೆ. ಬರುತ್ತಿದ್ದದ್ದು ಕಣ್ಣಿಗೆ, ಬಾಯಿಗಲ್ಲ ಅಂತ ಮೊದಲ ಸೆಮಿನಾರ್‌ನಲ್ಲೇ ಗೊತ್ತಾಯಿತು.

ಲೆಕ್ಚರ್ ಪರವಾಗಿಲ್ಲ, ಸ್ಲೈಡ್ ಇರುತ್ತದೆ. ಸೆಮಿನಾರ್ ಅಂದರೆ ಹದಿನೈದು ಜನ ಮೇಜಿನ ಸುತ್ತ ಕೂತು ಮಾತಾಡುವುದು. ಒಬ್ಬರ ಮಾತು ಮುಗಿಯುವ ಮೊದಲೇ ಇನ್ನೊಬ್ಬರದು ಶುರು. ನಾನು ತಲೆಯೊಳಗೆ ಡೆಸ್ಕ್ ಕೆಲಸವನ್ನೇ ಮಾಡುತ್ತಿರುತ್ತೇನೆ, ಉಲ್ಟಾ ಅಷ್ಟೇ. ಅಲ್ಲಿ 'ಹೂ' (who), 'ವಿಚ್' (which) ಅಂತ ಬಾಲ ಬೆಳೆಸಿಕೊಂಡು ಬಂದ ವಾಕ್ಯದ ಬಾಲ ಕತ್ತರಿಸುತ್ತಿದ್ದೆವು. ಇಲ್ಲಿ ನನ್ನ ವಾಕ್ಯಕ್ಕೆ ನಾನೇ ಬಾಲ ಅಂಟಿಸಬೇಕು. ನಮ್ಮ ಕ್ರಿಯಾಪದವೋ, ಕೊನೆಯಲ್ಲಿ ಆರಾಮಾಗಿ ಬಂದು ಬಸ್ ಹತ್ತುವ ಗಿರಾಕಿ. ಅದನ್ನು ಎಳೆದು ಮುಂದಿನ ಸೀಟಿನಲ್ಲಿ ಕೂರಿಸುವಷ್ಟರಲ್ಲಿ ಚರ್ಚೆ ಎರಡು ಸ್ಟಾಪ್ ದಾಟಿರುತ್ತದೆ. ಆರು ವಾರ ಸುಮ್ನೆ ತಲೆಯಾಡಿಸಿದೆ. ಪಾಪ, ಬಹಳ ಸಾಧು ಹುಡುಗ ಅಂದುಕೊಂಡಿರಬೇಕು.

ಮೊದಲ ಸಣ್ಣ ಪ್ರಬಂಧದ ಕಥೆ ಇನ್ನೂ ಚೆನ್ನಾಗಿದೆ. ಶಾಲೆಯಲ್ಲಿ ಕಲಿತ ಹಾಗೆ ಪೀಠಿಕೆ, ವಿಷಯ ವಿವರಣೆ, ಉಪಸಂಹಾರ ಅಂತ ಬರೆದೆ. ನನ್ನ ಅಭಿಪ್ರಾಯವನ್ನು ಮರ್ಯಾದೆಯಾಗಿ ಕೊನೆಗೆ ಇಟ್ಟೆ. ಮೊದಲ ಪುಟದ ಅಂಚಿನಲ್ಲೇ 'ನಿನ್ನ ವಾದ ಎಲ್ಲಿ?' ಅಂತ ಬರೆಸಿಕೊಂಡು ವಾಪಸ್ ಬಂತು. ಮುಖ್ಯ ವಿಷಯ ಸುದ್ದಿಯ ಇಂಟ್ರೋದಲ್ಲೇ, ಅಂದರೆ ಮೊದಲ ಪ್ಯಾರಾದಲ್ಲೇ ಬರಬೇಕು ಅಂತ ಟ್ರೈನಿಗಳಿಗೆ ದಿನಾ ಬೈಯುತ್ತಿದ್ದವನು ನಾನೇ ಅಲ್ವಾ!

ಏಳನೇ ವಾರ ಪಾಠದಲ್ಲಿ ಜರ್ಮನ್ ಚಿಂತಕ ಹೇಬರ್ಮಾಸ್ ಬಂದ. ಅವನ 'ಪಬ್ಲಿಕ್ ಸ್ಫಿಯರ್' ಅಂದರೆ, 18ನೇ ಶತಮಾನದ ಯುರೋಪಿನಲ್ಲಿ ಜನ ಕಾಫಿಹೌಸ್‌ಗಳಲ್ಲಿ ಕೂತು, ಪತ್ರಿಕೆ ಓದಿ, ಸರ್ಕಾರದ ನಡೆಯನ್ನು ಜಗ್ಗಾಡುತ್ತಿದ್ದರಲ್ಲ, ಆ ಚರ್ಚೆಯ ಲೋಕ. ಡೆಸ್ಕ್‌ನ ಚಾಳಿ ಬಿಡುತ್ತದೆಯೇ? ಪುಸ್ತಕದ ಅಂಚಿನಲ್ಲಿ 'ಸಾರ್ವಜನಿಕ ವಲಯ' ಅಂತ ಗೀಚಿದೆ. ಗೀಚಿದ ಮರುಕ್ಷಣ ಕಣ್ಣ ಮುಂದೆ ನಿಂತದ್ದು ಸ್ಟೇಟ್ ಬ್ಯಾಂಕು, ಬಿಇಎಂಎಲ್ಲು! ತಡೆಯಲಾಗದೆ ನಕ್ಕುಬಿಟ್ಟೆ. ಪ್ರೊಫೆಸರ್ 'ಏನು?' ಅಂದರು. ತಪ್ಪಿಸಿಕೊಳ್ಳುವ ದಾರಿ ಇರಲಿಲ್ಲ. ನಮ್ಮ ಭಾಷೆಯಲ್ಲಿ ಇದನ್ನು ಬರೆದರೆ ಓದುವವರಿಗೆ ಸರ್ಕಾರಿ ಬ್ಯಾಂಕು ನೆನಪಾಗುತ್ತದೆ ಅಂತ ಹೇಳಿದೆ. ವ್ಯಾಕರಣ ಎಲ್ಲೆಲ್ಲಿ ಮುಗ್ಗರಿಸಿತೋ ನೆನಪಿಲ್ಲ.

ಎಲ್ಲರೂ ನಕ್ಕರು. ಆದರೆ ಜರ್ಮನಿಯ ಒಬ್ಬಳು ನಗಲಿಲ್ಲ. ಮೂಲ ಪದ 'ಓಫೆಂಟ್‌ಲಿಶ್‌ಕೈಟ್', ಅದರಲ್ಲಿ ವಲಯವೂ ಇಲ್ಲ, ಗೋಳವೂ ಇಲ್ಲ, ಸ್ಫಿಯರ್ ಇಂಗ್ಲಿಷ್‌ನವರು ಸೇರಿಸಿದ್ದು ಅಂದಳು. ಜರ್ಮನ್ ಪುಸ್ತಕ ಬಂದದ್ದು 1962ರಲ್ಲಿ. ಇಂಗ್ಲಿಷ್‌ಗೆ ಪೂರ್ತಿ ಬಂದದ್ದು 1989ರಲ್ಲಿ. ಅಂದರೆ ಈ ಪುಸ್ತಕಕ್ಕಾಗಿ ಇಲ್ಲಿಯವರೂ 27 ವರ್ಷ ಅನುವಾದಕರ ದಾರಿ ಕಾದಿದ್ದಾರೆ ಕಣೋ. ಅವತ್ತಿನ ಉಳಿದ ಹೊತ್ತೆಲ್ಲ ಆ ಒಂದು ಪದದ ಮೇಲೇ ಹೋಯಿತು. ನಾನು ಮೂರು ಸಲ ಮಾತಾಡಿದೆ.

ಆಮೇಲೆ ಕ್ಯಾಂಟೀನಿನಲ್ಲಿ ಅವಳಿಗೆ ಕನ್ನಡದ ಮೊದಲ ಪತ್ರಿಕೆಯ ಕಥೆ ಹೇಳಿದೆ. 1843ರ ಜುಲೈ 1ರಂದು 'ಮಂಗಳೂರ ಸಮಾಚಾರ' ಹೊರಡಿಸಿದ ಹರ್ಮನ್ ಮೋಗ್ಲಿಂಗ್ ಅವಳ ದೇಶದವನೇ. ನಮ್ಮ ನಾಡಿಗೆ ಬಂದ ಮೇಲೆ ಕನ್ನಡ ಕಲಿತವನು. ಅವಳು ಹೆಸರೇ ಕೇಳಿರಲಿಲ್ಲ. 'ಅವನ ಕನ್ನಡ ಹೇಗಿತ್ತು?' ಅಂತ ಕೇಳಿದಳು. ನನ್ನ ಇಂಗ್ಲಿಷ್‌ಗಿಂತ ಚೆನ್ನಾಗಿತ್ತು ಅಂದೆ.

ನನ್ನ ಮುಂದಿನ ಪ್ರಬಂಧ ಈ ಪದದ ಮೇಲೇ. ನಿನ್ನಿಂದ ಒಂದು ಉಪಕಾರ ಆಗಬೇಕು. ಕಾಪಿಯಲ್ಲಿ 'ಪಬ್ಲಿಕ್ ಸ್ಫಿಯರ್' ಬಂದರೆ ಏನು ಬರೆಯುತ್ತೀರಿ ಅಂತ ಡೆಸ್ಕ್‌ನ ಹಿರಿಯರನ್ನೆಲ್ಲ ಕೇಳಿ ಕಳಿಸು. ಬ್ಯಾಂಕು ನೆನಪಿಗೆ ಬರದ ಪದ ಸಿಕ್ಕರೆ ಒಳ್ಳೆಯದು. 'ಅಂಥ ವಾಕ್ಯವನ್ನೇ ಎತ್ತಿಬಿಡ್ತೀವಿ' ಅಂದರೆ ಅದನ್ನೂ ಹಾಗೇ ಬರೆ, ಅದೂ ನನಗೆ ಬೇಕು.

ಇಂತಿ ನಿನ್ನ,
ಹಳೇ ಪಾಳಿಯ ಗೆಳೆಯ