ಗುಂಡಿ ಒಣಗಿಸಿ, ರೋಲರ್ ಹೊಡೆಸಿ, ಸ್ವಾಮಿ

ರಸ್ತೆ ನಿರ್ವಹಣೆಯ ಮಾನ್ಯ ಎಂಜಿನಿಯರರಿಗೆ,

ನಮಸ್ಕಾರ. ಚಳಿಗಾಲದಲ್ಲಿ ರಸ್ತೆ ಒಣಗಿರುತ್ತದೆ, ಆಗ ತೇಪೆ ಹಾಕೋಣ ಎನ್ನುವುದು ನಿಮ್ಮವರ ಹಳೆಯ ಲೆಕ್ಕ. ಈಗಿನ ಚಳಿಗಾಲಕ್ಕೆ ಆ ಲೆಕ್ಕ ಯಾರೂ ತಿಳಿಸಿಲ್ಲವೇನೋ, ಅಕಾಲ ಮಳೆ ಸುರಿಯುತ್ತಲೇ ಇದೆ. ಮೊನ್ನೆ ನೀರು ನಿಂತ ಗುಂಡಿಗೇ ಟಿಪ್ಪರಿನಿಂದ ಡಾಂಬರು ಮಿಶ್ರಣ ಸುರಿದು, ಸಲಿಕೆಯ ಬೆನ್ನಿನಿಂದ ತಟ್ಟಿ, ಫೋಟೊ ತೆಗೆದುಕೊಂಡು ಹೋದರು. ರೋಲರ್? ಲಾರಿಗಳೇ ಓಡಾಡಿ ಕೂರಿಸುತ್ತವಂತೆ. ಕೂರಿಸಲಿಲ್ಲ, ಕಿತ್ತೆಬ್ಬಿಸಿದವು.

ನಿಯಮ ನಿಮಗೆ ಗೊತ್ತೇ ಇದೆ. ಗಟ್ಟಿ ಡಾಂಬರು ಸಿಗುವವರೆಗೆ ಗುಂಡಿಯನ್ನು ಚೌಕವಾಗಿ ಕತ್ತರಿಸಬೇಕು, ಅಂಚು ನೆಟ್ಟಗಿರಬೇಕು. ಸಡಿಲ ಜಲ್ಲಿ, ಕೆಸರು ತೆಗೆದು, ಕಂಪ್ರೆಸರ್ ಗಾಳಿ ಊದಿ ಒಣಗಿಸಬೇಕು. ತಳಕ್ಕೂ ಅಂಚಿಗೂ ಎಮಲ್ಷನ್ ಟ್ಯಾಕ್ ಕೋಟ್, ಅಂದರೆ ನೀರಿನಲ್ಲಿ ಬೆರೆಸಿದ ಡಾಂಬರಿನ ಅಂಟು ಲೇಪ, ತೆಳ್ಳಗೆ ಹಚ್ಚಿ, ಕಂದು ಬಣ್ಣ ಕಪ್ಪಾಗುವವರೆಗೆ ಕಾಯಬೇಕು. ಆಳವಿದ್ದರೆ ಪದರ ಪದರವಾಗಿ ತುಂಬಿ, ಪ್ರತಿ ಪದರಕ್ಕೂ ರೋಲರ್. ಒದ್ದೆ ತಳಕ್ಕೆ 140 ಡಿಗ್ರಿಯ ಮಿಶ್ರಣ ಬಿದ್ದರೆ ನೀರು ಆವಿಯಾಗಿ ಅಂಟು ಹಿಡಿಯಲು ಬಿಡುವುದಿಲ್ಲ. ತಂಪು ಗಾಳಿಗೆ ಅದು ಬೇಗ ಆರುತ್ತದೆ. 80–90 ಡಿಗ್ರಿಗಿಂತ ಇಳಿದ ಮೇಲೆ ರೋಲರ್ ಹೊಡೆದರೂ ಒಳಗಿನ ಪೊಳ್ಳು ಮುಚ್ಚದು. ಆ ಪೊಳ್ಳಿಗೆ ಇಳಿದ ನೀರು ಚಕ್ರದ ಒತ್ತಡಕ್ಕೆ ಸಿಕ್ಕು ಜಲ್ಲಿಗೆ ಅಂಟಿದ ಡಾಂಬರನ್ನು ಸುಲಿದುಹಾಕುತ್ತದೆ. ಹಿಮ ಬೀಳುವ ಕಡೆ ಇನ್ನೂ ಕಷ್ಟ. ಹೆಪ್ಪುಗಟ್ಟುವಾಗ ನೀರು ಶೇ. 9ರಷ್ಟು ಹಿಗ್ಗುತ್ತದೆ, ಒಂದೇ ಸಮನೆ ಕೊರೆಯುವ ಚಳಿಗಿಂತ ರಾತ್ರಿ ಗಟ್ಟಿಯಾಗಿ ಹಗಲು ಕರಗುವ ಬೆಚ್ಚನೆಯ ಚಳಿಗಾಲವೇ ರಸ್ತೆಯನ್ನು ಹೆಚ್ಚು ಒಡೆಯುತ್ತದೆ.

ಆದ್ದರಿಂದ ಒಣಗಿಸಿ, ರೋಲರ್ ಹೊಡೆಸಿ.

ಜಾಗ ದೂರ, ಯಂತ್ರ ಹಳೆಯದು ಎನ್ನಬೇಡಿ. 1977ರಲ್ಲಿ ನಾಸಾ ಹಾರಿಸಿದ ವಾಯೇಜರ್ 1 ನೌಕೆ, 2012ರಲ್ಲಿ ಸೂರ್ಯನ ಪ್ರಭಾವವಲಯ ದಾಟಿ ನಕ್ಷತ್ರಗಳ ನಡುವಿನ ಬಯಲು ಸೇರಿತು. 2023ರ ನವೆಂಬರಿನಲ್ಲಿ ಅದರ ಕಂಪ್ಯೂಟರಿನ ಒಂದು ಮೆಮೊರಿ ಚಿಪ್ ಕೆಟ್ಟಿತು. ದೂರ ಸುಮಾರು 2,400 ಕೋಟಿ ಕಿ.ಮೀ., ಒಂದು ಆದೇಶ ತಲುಪಲು ಇಪ್ಪತ್ತೆರಡೂವರೆ ಗಂಟೆ. ನಾಸಾ ಎಂಜಿನಿಯರರು ಕೆಟ್ಟ ಚಿಪ್ಪಿನಲ್ಲಿದ್ದ ಕೋಡನ್ನು ತುಂಡುತುಂಡಾಗಿ ಬೇರೆಡೆ ಕೂರಿಸಿ, 2024ರ ಏಪ್ರಿಲಿನಲ್ಲಿ ಅದರಿಂದ ಮತ್ತೆ ಅರ್ಥವಾಗುವ ಮಾಹಿತಿ ತರಿಸಿಕೊಂಡರು. ಸೆಕೆಂಡಿಗೆ 17 ಕಿ.ಮೀ. ಓಡಿದರೂ ಸೂರ್ಯನಾಚೆಯ ಹತ್ತಿರದ ನಕ್ಷತ್ರದಷ್ಟು ದೂರಕ್ಕೆ ಅದಕ್ಕೆ 70 ಸಾವಿರ ವರ್ಷಕ್ಕೂ ಹೆಚ್ಚು ಬೇಕು. ನಮ್ಮ ಅರ್ಜಿಗಳು ಅದರ ಹಿಂದೆ ಹೊರಟಂತಿವೆ.

ಮತ್ತೆ ಕೇಳುತ್ತೇನೆ: ಕತ್ತರಿಸಿ, ಒಣಗಿಸಿ, ಟ್ಯಾಕ್ ಕೋಟ್ ಹಚ್ಚಿಸಿ, ರೋಲರ್ ಹೊಡೆಸಿ. ಅದಕ್ಕೂ ಮೊದಲು ಪಕ್ಕದ ಚರಂಡಿಯ ಹೂಳು ತೆಗೆಸಿ. ಮಳೆ ಬಂದರೆ ಟಿಪ್ಪರನ್ನು ವಾಪಸ್ ಕಳಿಸಿ. ತುರ್ತಾದರೆ ಕೋಲ್ಡ್ ಮಿಕ್ಸ್ (ಬಿಸಿ ಮಾಡದೆ ಹಾಕುವ ಡಾಂಬರು ಮಿಶ್ರಣ) ತುಂಬಿಸಿ, ಒಣಗಿದ ಮೇಲೆ ಅದನ್ನು ಅಗೆದು ಸರಿಯಾಗಿ ಮಾಡಿಸಿ. ರೋಲರ್ ಕಾಣದ ಫೋಟೊಗೆ ಬಿಲ್ ಪಾಸ್ ಮಾಡಬೇಡಿ.

ಇಂತಿ,
ತೆರಿಗೆ ಕಟ್ಟುವ ಒಬ್ಬ ದಾರಿಹೋಕ