‘ಮಿಥ್ಯ’ದಂಥ ಸಿನಿಮಾಕ್ಕೆ ಸಂಜೆಯ ಆಟ ಕೊಡಿ

ಮಾನ್ಯ ಸಂಪಾದಕರೇ,

ಸುಮಂತ್ ಭಟ್ ನಿರ್ದೇಶಿಸಿದ ‘ಮಿಥ್ಯ’ 2025ರ ಮಾರ್ಚ್ 7ರಂದು ತೆರೆಗೆ ಬಂತು. ನಮ್ಮೂರಿನ ಚಿತ್ರಮಂದಿರದಲ್ಲಿ ಅದಕ್ಕೆ ಸಿಕ್ಕಿದ್ದು ಬೆಳಗಿನ ಒಂದೇ ಆಟ. ಮಕ್ಕಳು ಶಾಲೆಯಲ್ಲಿ, ದೊಡ್ಡವರು ಕೆಲಸದಲ್ಲಿ ಇರುವ ಹೊತ್ತು ಅದು. ಮನೆಮಂದಿಯೆಲ್ಲ ಕೂತು ನೋಡಬೇಕಾದ ಸಿನಿಮಾಕ್ಕೇ ಹೀಗಾದರೆ ಹೇಗೆ?

ಹನ್ನೊಂದು ವರ್ಷದ ಮಿಥುನ್ ಅಪ್ಪ ಅಮ್ಮ ಇಬ್ಬರನ್ನೂ ಕಳೆದುಕೊಂಡು ಮುಂಬೈ ಬಿಟ್ಟು ಉಡುಪಿ ಕಡೆಯ ನೆಂಟರ ಮನೆಗೆ ಬರುತ್ತಾನೆ. ಜೊತೆಗೆ ಪುಟ್ಟ ತಂಗಿ. ಸಾವು ಹೇಗಾಯಿತು, ತಪ್ಪು ಯಾರದು, ಮಕ್ಕಳನ್ನು ಯಾರು ಇಟ್ಟುಕೊಳ್ಳಬೇಕು ಎಂದು ದೊಡ್ಡವರು ತಮ್ಮತಮ್ಮಲ್ಲೇ ಮಾತಾಡಿಕೊಳ್ಳುತ್ತಾರೆ. ಆ ಹುಡುಗನ ಕಿವಿಗೆ ಬಿದ್ದಷ್ಟೇ ನಮಗೂ ಗೊತ್ತಾಗುವುದು. ಭಟ್ಟರು ಎಲ್ಲವನ್ನೂ ಬಿಡಿಸಿ ಹೇಳಲು ಹೋಗುವುದಿಲ್ಲ, ಅಳಿಸುವ ಅವಸರವೂ ಅವರಿಗಿಲ್ಲ. ಮಕ್ಕಳ ದುಃಖ ಎಷ್ಟೋ ಸಲ ಹಟವಾಗಿ, ಸಿಟ್ಟಾಗಿ ಹೊರಗೆ ಬರುತ್ತದೆ. ನಾವು ಅದನ್ನು ಪುಂಡಾಟ ಅಂದುಬಿಡುತ್ತೇವೆ, ಅಲ್ವಾ? ಆತಿಶ್ ಶೆಟ್ಟಿ ಎಂಬ ಹುಡುಗ ಇದನ್ನು ಜಾಸ್ತಿ ಮಾತಿಲ್ಲದೆ ತೋರಿಸಿದ್ದಾನೆ. ನಗಿಸುವವರು ಎಂದೇ ಪರಿಚಯವಿದ್ದ ಪ್ರಕಾಶ್ ತೂಮಿನಾಡು ಇಲ್ಲಿ ಬೇರೆಯೇ ಮನುಷ್ಯ. ರೂಪಾ ವರ್ಕಾಡಿಯವರೂ ಅಷ್ಟೇ ಚೆನ್ನಾಗಿ ಮಾಡಿದ್ದಾರೆ.

ಇದು ಭಟ್ಟರ ಮೊದಲ ಸಿನಿಮಾ. ಸಂದೀಪ್ ಪಿ.ಎಸ್. ಜೊತೆ ಸೇರಿ ಅವರು ಕಟ್ಟಿದ ‘ಏಕಂ’ ಎಂಬ ಕರಾವಳಿಯ ಏಳು ಕಥೆಗಳ ಸರಣಿಯನ್ನು ಒಟಿಟಿ ಕಂಪನಿಗಳು ಕೊಳ್ಳಲಿಲ್ಲ. ವರ್ಷಗಟ್ಟಲೆ ಕಾದು, 2024ರ ಜುಲೈಯಲ್ಲಿ ತಮ್ಮದೇ ವೆಬ್‌ಸೈಟ್‌ನಲ್ಲಿ ಬಿಡುಗಡೆ ಮಾಡಬೇಕಾಯಿತು. ‘ಮಿಥ್ಯ’ ಕೂಡ 2023ರಲ್ಲೇ ಮುಂಬೈ ಚಿತ್ರೋತ್ಸವದಲ್ಲಿ ತೋರಿಸಿದ್ದು. ನಮ್ಮ ಊರುಗಳಿಗೆ ಬರಲು ಒಂದು ವರ್ಷಕ್ಕಿಂತ ಜಾಸ್ತಿಯೇ ಹಿಡಿಯಿತು. ಎರಡರ ಬೆನ್ನಿಗೂ ರಕ್ಷಿತ್ ಶೆಟ್ಟಿಯವರ ಸಂಸ್ಥೆ ನಿಂತಿತ್ತು. ಅಂಥ ಬೆಂಬಲ ಇಲ್ಲದ ಹೊಸಬರ ಗತಿ ಏನು?

ಗಿರೀಶ ಕಾಸರವಳ್ಳಿಯವರ ಮೊದಲ ಚಿತ್ರ, 1977ರ ‘ಘಟಶ್ರಾದ್ಧ’, ನೆನಪಾಗುತ್ತದೆ. ಅದರಲ್ಲೂ ದೊಡ್ಡವರ ಕ್ರೌರ್ಯವನ್ನು ನಾವು ಕಾಣುವುದು ನಾಣಿ ಎಂಬ ಹುಡುಗನ ಕಣ್ಣಿಂದ. ಅದಕ್ಕೆ ಅತ್ಯುತ್ತಮ ಚಿತ್ರದ ರಾಷ್ಟ್ರಪ್ರಶಸ್ತಿಯಾದ ಸ್ವರ್ಣ ಕಮಲ ಬಂತು. ಮುಂದೆ ‘ತಬರನ ಕಥೆ’, ‘ತಾಯಿ ಸಾಹೇಬ’, ‘ದ್ವೀಪ’ಕ್ಕೂ ಬಂತು. ಮೊದಲ ಚಿತ್ರವನ್ನು ಯಾರೂ ಗಮನಿಸದೇ ಹೋಗಿದ್ದರೆ ಉಳಿದವು ಇಷ್ಟು ಸಲೀಸಾಗಿ ಬರುತ್ತಿದ್ದವು ಎಂದು ನನಗಂತೂ ಅನಿಸುವುದಿಲ್ಲ.

‘ಮಿಥ್ಯ’ ಬಿಡುಗಡೆಯಾದ ದಿನವೇ ಮುಖ್ಯಮಂತ್ರಿಗಳು ಬಜೆಟ್‌ನಲ್ಲಿ ಕನ್ನಡ ಸಿನಿಮಾಗಳಿಗಾಗಿ ಸರ್ಕಾರದ ಒಟಿಟಿ ವೇದಿಕೆ ತರುವುದಾಗಿ ಹೇಳಿದರು. ಟಿಕೆಟ್ ದರಕ್ಕೆ 200 ರೂಪಾಯಿ ಮಿತಿಯ ಮಾತೂ ಅದರಲ್ಲಿತ್ತು. ಕೇರಳ 2024ರಲ್ಲೇ ‘ಸಿ ಸ್ಪೇಸ್’ ಎಂಬ ಸರ್ಕಾರಿ ಒಟಿಟಿ ಶುರು ಮಾಡಿದೆ. ನಮ್ಮಲ್ಲಿ ಈ ಕೆಲಸ ಬೇಗ ಆಗಲಿ, ಇಂಥ ಸಿನಿಮಾಗಳಿಂದಲೇ ಶುರುವಾಗಲಿ. ಅಲ್ಲಿಯವರೆಗೆ ಚಿತ್ರಮಂದಿರದವರು ಎರಡು ವಾರ, ದಿನಕ್ಕೊಂದು ಸಂಜೆಯ ಆಟವನ್ನಾದರೂ ಕೊಡಲಿ. ನಿಮ್ಮ ಸಿನಿಮಾ ಪುಟವೂ ಶುಕ್ರವಾರದ ವಿಮರ್ಶೆಗೆ ನಿಲ್ಲದೆ, ಎರಡನೇ ವಾರ ಇವು ಯಾವ ಊರಲ್ಲಿ, ಎಷ್ಟು ಗಂಟೆಗೆ ನಡೆಯುತ್ತಿವೆ ಎಂದು ಹಾಕಿದರೆ ದೊಡ್ಡ ಉಪಕಾರ.

ಇಂತಿ,
ನಿಮ್ಮ ಓದುಗ, ಪುತ್ತೂರು